ಮೊರದಗಲ ನೆಲ

"ಅಲ್ಲಿ ಏನಿದೆ ಅಂತ ಹೋಗ್ತೀರಾ?"

ನೈರೋಬಿಯಲ್ಲಿ ಯಾರಿಗೆ ಹೇಳಿದರೂ ಇದೇ ಪ್ರಶ್ನೆ. ಆಫೀಸಿನವರು ಕೇಳಿದರು, ತರಕಾರಿ ಅಂಗಡಿಯಾಕೆ ಕೇಳಿದಳು, ಕಡೆಗೆ ಗಾಡಿ ಬಾಡಿಗೆಗೆ ಕೊಟ್ಟವನೂ ಅಡ್ವಾನ್ಸ್ ಎಣಿಸಿಕೊಂಡ ಮೇಲೆ ಕೇಳಿದ. ಮಸಾಯಿ ಮಾರಾಗೆ ಹೋದರೆ ಸಿಂಹ ನೋಡಬಹುದು. ಅಂಬೋಸೆಲಿಯಲ್ಲಿ ಆನೆ, ಅದರ ಹಿಂದೆ ಕಿಲಿಮಂಜಾರೋ. ಮೊಂಬಾಸಾದಲ್ಲಿ ಸಮುದ್ರ. ನಾವು ಹೊರಟಿದ್ದು ಸಿಬಿಲೋಯಿ ನ್ಯಾಷನಲ್ ಪಾರ್ಕಿಗೆ, ಕೀನ್ಯಾದ ಉತ್ತರದ ತುದಿಗೆ, ತುರ್ಕಾನಾ ಸರೋವರದ ಪೂರ್ವ ದಡಕ್ಕೆ. ಅಲ್ಲಿಂದ ಇನ್ನೊಂದು ಸ್ವಲ್ಪ ಮೇಲೆ ಹೋದರೆ ಇಥಿಯೋಪಿಯಾ.

ಈ ಪ್ರಶ್ನೆ ನನಗೆ ಹೊಸದಲ್ಲ. ನಮ್ಮೂರು ಪಾವಗಡದ ಹತ್ತಿರ. ಬೆಂಗಳೂರಲ್ಲಿ ಓದುವಾಗ ಊರು ಯಾವುದು ಅಂತ ಕೇಳಿ, ಪಾವಗಡ ಅಂದ ಕೂಡಲೇ "ಅಯ್ಯೋ, ಅಲ್ಲಿ ಏನಿದೆ?" ಅನ್ನುತ್ತಿದ್ದರು. ಕೇಳಿದವರ ತಪ್ಪಲ್ಲ. ಅವರು ಬಸ್ಸಿನ ಕಿಟಕಿಯಿಂದ ನೋಡಿದ್ದು ಬಂಡೆ, ಬಳ್ಳಾರಿ ಜಾಲಿ, ಒಣಗಿದ ಕಡಲೆಕಾಯಿ ಹೊಲ, ಅಷ್ಟೇ. ಆದರೂ ಆ ಪ್ರಶ್ನೆ ಕೇಳಿದಾಗಲೆಲ್ಲ ಒಳಗೆ ಎಲ್ಲೋ ಸಣ್ಣಗೆ ಚುಚ್ಚುತ್ತಿತ್ತು. ಸಿಬಿಲೋಯಿಗೆ ಹೋಗಲೇಬೇಕು ಅಂತ ನಾನು ಹಟ ಹಿಡಿದಿದ್ದಕ್ಕೆ ಅರ್ಧ ಕಾರಣ ಇದೇ ಇರಬೇಕು.

ನಾನು, ನನ್ನ ಹೆಂಡತಿ, ನನ್ನ ಜೊತೆ ಕೆಲಸ ಮಾಡುವ ಮಂಗಳೂರಿನ ಹುಡುಗ, ಮತ್ತೆ ನಮ್ಮ ಡ್ರೈವರ್. ಡ್ರೈವರ್ ಅರವತ್ತರ ಹತ್ತಿರದ ಮನುಷ್ಯ, ಮೇರು ಕಡೆಯವರು. ಅಲ್ಲಿ ವಯಸ್ಸಾದವರನ್ನು ಮ್ಝೀ ಅಂತ ಕರೆಯುತ್ತಾರೆ, ನಾವು ಯಜಮಾನ್ರೇ ಅನ್ನುವ ಹಾಗೆ. ಅಷ್ಟೂ ದಿನ ನಮಗೆ ಅವರು ಮ್ಝೀನೇ. ಸ್ವಾಹಿಲಿಯಲ್ಲಿ ಗಾಡಿಗೆ 'ಗಾರಿ', ಅಂಗಡಿಗೆ 'ದುಕಾ', ಚಹಾಕ್ಕೆ 'ಚಾಯ್', ಚಪಾತಿಗೆ ಚಪಾತಿನೇ. ಹಾಗಾಗಿ ಹೊಟ್ಟೆ ಮತ್ತು ಗಾಡಿ ವಿಷಯದಲ್ಲಿ ನಮಗೆ ಭಾಷೆ ತೊಂದರೆ ಕೊಡಲಿಲ್ಲ. ಗಾಡಿನೇ ತೊಂದರೆ ಕೊಟ್ಟಿತು.

ಮಾರ್ಸಬಿಟ್ ತನಕ ಟಾರು ರಸ್ತೆ, ಚೆನ್ನಾಗಿದೆ. ಮೊದಲ ರಾತ್ರಿ ಅಲ್ಲೇ ಉಳಿದೆವು. ಅದು ಬೆಟ್ಟದ ಮೇಲಿನ ಊರು, ಬೆಳಿಗ್ಗೆ ಮಂಜು ಮುಸುಕಿತ್ತು, ಹೆಂಡತಿ ಶಾಲು ಹೊದ್ದುಕೊಂಡು ಚಾಯ್ ಕುಡಿದಳು. ಅಲ್ಲಿಂದ ಕೆಳಗಿಳಿದು ಎಡಕ್ಕೆ ತಿರುಗಿದರೆ ಚಲ್ಬಿ ಮರುಭೂಮಿ. ಒಂದಾನೊಂದು ಕಾಲದಲ್ಲಿ ಅದೂ ಸರೋವರವೇ ಆಗಿತ್ತು, ಈಗ ಬರೀ ಉಪ್ಪು ಮಣ್ಣಿನ ಬಯಲು. ಮಳೆ ಬಿದ್ದರೆ ಗಾಡಿ ಹೂತುಹೋಗುತ್ತೆ, ಮಳೆ ಇಲ್ಲದಿದ್ದರೆ ಎಲ್ಲಿ ಬೇಕಾದರೂ ಓಡಿಸಬಹುದು, ದಾರಿ ಅಂತ ಒಂದಿಲ್ಲ, ಹಿಂದಿನವರ ಟೈರಿನ ಗುರುತುಗಳು ನೂರಾರು, ಯಾವುದನ್ನು ಹಿಡಿಯಬೇಕು ಅನ್ನೋದು ಮ್ಝೀಗೆ ಮಾತ್ರ ಗೊತ್ತು. ದೂರದಲ್ಲಿ ನೀರು ಮಿಂಚುತ್ತಿತ್ತು. ಮಂಗಳೂರಿನ ಹುಡುಗ "ಸಾರ್, ಕೆರೆ ಬಂತು" ಅಂತ ಕ್ಯಾಮೆರಾ ತೆಗೆದ. ಮ್ಝೀ ನಕ್ಕರು. ಅದು ಬಿಸಿಲುಗುದುರೆ. ನಿಜವಾದ ನೀರಿಗೆ ಇನ್ನೂ ಒಂದೂವರೆ ದಿನ ಇತ್ತು.

ನಾರ್ತ್ ಹೊರ್ ಹತ್ತಿರ ಮೊದಲ ಪಂಕ್ಚರ್. ಸ್ಟೆಪ್ನಿ ತೆಗೆದರೆ ಅದರಲ್ಲಿ ಗುಂಡಿಗಳೇ ಇಲ್ಲ, ಬೋಳು. ಬಾಡಿಗೆಗೆ ಕೊಟ್ಟವನು "ಹೊಸ ಟೈರ್, ಬಾಸ್" ಅಂತ ಎರಡು ಸಲ ಹೇಳಿದ್ದ. ಅವನ ಬಗ್ಗೆ ಹೆಂಡತಿ ಹೇಳಿದ್ದನ್ನು ಇಲ್ಲಿ ಬರೆಯೋಕಾಗಲ್ಲ. ಊರ ಅಂಚಿನಲ್ಲಿ ಟೈರಿಗೆ ತೇಪೆ ಹಾಕಿಸುತ್ತಾ ನಿಂತಾಗ ಸುತ್ತ ನೋಡಿದೆ. ಬಳ್ಳಾರಿ ಜಾಲಿ! ಅದೇ ಎಲೆ, ಅದೇ ಮುಳ್ಳು, ಅದೇ ಹಳದಿ ಕಾಯಿ. ಕೀನ್ಯಾದಲ್ಲಿ ಇದಕ್ಕೆ ಮಥೆಂಗೆ ಅನ್ನುತ್ತಾರೆ. ಮರಳು ತಡೆಯೋಕೆ, ಸೌದೆಗೆ ಅಂತ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ತಂದು ನೆಟ್ಟರಂತೆ, ಈಗ ಹಿಡಿತಕ್ಕೆ ಸಿಗುತ್ತಿಲ್ಲ. ನಮ್ಮ ಕಡೆಯದೂ ಇದೇ ಕಥೆ ಅಲ್ವಾ? ಮಧ್ಯ ಮತ್ತು ದಕ್ಷಿಣ ಅಮೆರಿಕದ ಗಿಡ, ಪಾವಗಡದಲ್ಲೂ ಇದೆ, ಇಲ್ಲೂ ಇದೆ, 'ಏನೂ ಇಲ್ಲ' ಅಂದ ಕಡೆಯೆಲ್ಲ ಹೋಗಿ ಕೂತಿದೆ.

ಮೂರನೇ ದಿನ ಮಧ್ಯಾಹ್ನ, ಕಪ್ಪು ಕಲ್ಲಿನ ಗುಡ್ಡ ಒಂದನ್ನು ಹತ್ತಿ ಇಳಿಯುವಾಗ, ಕಂಡಿತು. ಹಸಿರು. ನೀಲಿ ಅಲ್ಲ, ಪಾಚಿಯಿಂದಾಗಿ ಪಚ್ಚೆ ಕಲ್ಲಿನ ಬಣ್ಣ. ಈ ಕಡೆ ದಡ ಕಾಣುತ್ತೆ, ಆ ಕಡೆಯದು ಬರೀ ಮಬ್ಬು. ಸರೋವರದ ಉದ್ದ 250 ಕಿಲೋಮೀಟರ್‌ಗೂ ಜಾಸ್ತಿ. ಅಂದರೆ ಹೆಚ್ಚೂ ಕಡಿಮೆ ಬೆಂಗಳೂರಿಂದ ದಾವಣಗೆರೆ ತನಕ ನೀರೇ ನೀರು, ಸುತ್ತ ಮರುಭೂಮಿ. ಮರುಭೂಮಿಯಲ್ಲಿ ವರ್ಷವಿಡೀ ನೀರಿರುವ ಸರೋವರಗಳಲ್ಲಿ ಜಗತ್ತಿನಲ್ಲೇ ಇದು ದೊಡ್ಡದು. ಸರೋವರ ಅನ್ನೋದು ಪುಸ್ತಕದ ಮಾತು, ನನ್ನ ಬಾಯಿಗೆ ಬರೋದು ಕೆರೆ. ಆದರೆ ಇದು ಕೋಡಿ ಇಲ್ಲದ ಕೆರೆ. ಇಥಿಯೋಪಿಯಾದಿಂದ ಓಮೋ ನದಿ ಬಂದು ಸೇರುತ್ತೆ, ಒಳಗೆ ಬರುವ ನೀರಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ಪಾಲು ಆ ಒಂದು ನದಿಯದೇ. ಹೊರಗೆ ಹೋಗೋಕೆ ದಾರಿಯಿಲ್ಲ. ಬಿಸಿಲು ಕುಡಿದಷ್ಟು ಕುಡಿಯುತ್ತೆ, ಉಪ್ಪು ಸೋಡಾ ಎಲ್ಲ ಕೆಳಗೆ ಉಳಿಯುತ್ತೆ. ಒಂದು ಗುಟುಕು ಬಾಯಿಗೆ ಹಾಕಿ ನೋಡಿದೆ. ಅಡುಗೆ ಸೋಡಾ ಕಲಸಿದ ನೀರಿನ ಹಾಗಿತ್ತು, ಕೈ ತೊಳೆದರೆ ಸೋಪು ಹಚ್ಚದೆಯೇ ಜಾರುತ್ತಿತ್ತು. ಈ ನೀರಲ್ಲಿ ಫ್ಲೋರೈಡ್ ಕೂಡ ಜಾಸ್ತಿ. ಆಮೇಲೆ ದಕ್ಷಿಣದ ಲೋಯಾಂಗಲಾನಿಯಲ್ಲಿ, ಕೆರೆಯ ಮೀನನ್ನೇ ನಂಬಿದ ಎಲ್ ಮೋಲೋ ಜನರ ಕೆಲವರ ಹಲ್ಲು ನೋಡಿದಾಗ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆ ಕಂದು ಗೆರೆಗಳನ್ನು ನಾನು ನಮ್ಮ ಕೇರಿಯಲ್ಲಿ ಎಷ್ಟೋ ಬಾಯಲ್ಲಿ ನೋಡಿದ್ದೇನೆ.

ಹೆಸರಿನ ಕಥೆ ಒಂದಿದೆ, ಹೇಳಿಬಿಡ್ತೀನಿ. 1888ರಲ್ಲಿ ಕೌಂಟ್ ಟೆಲೆಕಿ ಅನ್ನುವ ಹಂಗೇರಿಯ ಶ್ರೀಮಂತ ಇಲ್ಲಿಗೆ ನಡೆದು ಬಂದು, ಸರೋವರಕ್ಕೆ ಆಸ್ಟ್ರಿಯಾದ ಯುವರಾಜ ರುಡಾಲ್ಫ್‌ನ ಹೆಸರಿಟ್ಟ. ರುಡಾಲ್ಫ್ ಇದನ್ನು ನೋಡಿದವನೇ ಅಲ್ಲ. ಮರುವರ್ಷವೇ ಸತ್ತೂ ಹೋದ. 1975ರಲ್ಲಿ ಕೀನ್ಯಾ ಸರ್ಕಾರ ತುರ್ಕಾನಾ ಅಂತ ಬದಲಿಸಿತು. ಆದರೆ ಇಲ್ಲಿ ಸಿಕ್ಕ ಲಕ್ಷಾಂತರ ವರ್ಷ ಹಳೆಯ ಮೂಳೆಗಳಿಗೆ ಕೀನ್ಯಾ ನ್ಯಾಷನಲ್ ಮ್ಯೂಸಿಯಂನವರು ಕೊಟ್ಟ ನಂಬರು ಈಗಲೂ ಶುರುವಾಗೋದು ಕೆಎನ್‌ಎಮ್-ಇಆರ್ ಅಂತ. ಇಆರ್ ಅಂದರೆ ಈಸ್ಟ್ ರುಡಾಲ್ಫ್. ಊರಿನ ಬೋರ್ಡು ಬದಲಾದರೂ ಪಹಣಿಯಲ್ಲಿ ತಾತನ ಹೆಸರೇ ಇರುತ್ತಲ್ಲ, ಹಾಗೆ.

ಪಾರ್ಕು ಶುರುವಾಗಿದ್ದು 1973ರಲ್ಲಿ, ವಿಸ್ತೀರ್ಣ 1,570 ಚದರ ಕಿಲೋಮೀಟರ್. ನಿಜ ಹೇಳಬೇಕು ಅಂದರೆ, ಪ್ರಾಣಿ ನೋಡೋಕೆ ಅಂತಲೇ ಬರುವವರಿಗೆ ಇದು ಬೇಸರದ ಜಾಗ. ನಾವು ಎರಡು ದಿನದಲ್ಲಿ ನೋಡಿದ್ದು ಇಷ್ಟು: ಟೋಪಿ ಅನ್ನುವ ಜಾತಿಯ ಒಂದಷ್ಟು ಜಿಂಕೆಗಳು, ದೂರದಲ್ಲಿ ಉದ್ದ ಕೊಂಬಿನ ಓರಿಕ್ಸ್, ಗ್ರೇವಿ ಜೀಬ್ರಾ ಒಂದೇ ಒಂದು ಗುಂಪು. ಈ ಜೀಬ್ರಾದ ಗೆರೆ ಸಣ್ಣ, ಕಿವಿ ದುಂಡಗೆ ಕತ್ತೆಯದಕ್ಕಿಂತ ಅಗಲ, ಪ್ರಪಂಚದಲ್ಲಿ ಉಳಿದಿರೋದೇ ಕಡಿಮೆ. ಮತ್ತೆ ಒಂದು ಗೆರೆನುಕ್. ಕುತ್ತಿಗೆ ಉದ್ದದ ಜಿಂಕೆ, ಹಿಂಗಾಲ ಮೇಲೆ ನಿಂತು ಜಾಲಿ ಮರದ ಎಲೆ ತಿನ್ನುತ್ತಿತ್ತು, ಥೇಟ್ ನಮ್ಮ ಮೇಕೆ. ಕಾಡುಗಳ್ಳರು, ಬರ, ಪಾರ್ಕಿನ ಒಳಗೆ ಮೇಯಲು ಬರುವ ದನಕುರಿ, ಎಲ್ಲ ಸೇರಿ ಪ್ರಾಣಿ ಕಡಿಮೆಯಾಗಿವೆ. ದಾಸನಾಚ್ ಮತ್ತು ಗಬ್ರಾ ದನಗಾಹಿಗಳು ಬರಗಾಲದಲ್ಲಿ ಮಂದೆ ಹೊಡೆದುಕೊಂಡು ಒಳಗೆ ಬರುತ್ತಾರೆ. ರೇಂಜರ್ ಇದನ್ನು ಹೇಳುವಾಗ ಬೈಯಲಿಲ್ಲ. "ಅವರಿಗೂ ನೀರು ಬೇಕಲ್ಲ" ಅಂದ. ಅವನ ಮನೆಯಲ್ಲೂ ಒಂಟೆಗಳಿವೆಯಂತೆ.

ನೀರಿನ ಅಂಚಿನಲ್ಲಿ ಮಾತ್ರ ಬಡತನ ಇಲ್ಲ. ಹೆಜ್ಜಾರ್ಲೆಗಳ ಸಾಲು, ರಾಜಹಂಸಗಳ ಗುಲಾಬಿ ಗೆರೆ, ಯೂರೋಪಿನ ಚಳಿ ತಪ್ಪಿಸಿಕೊಂಡು ಬಂದ ಸಣ್ಣ ಸಣ್ಣ ದಡದ ಹಕ್ಕಿಗಳು. ನೀರಾನೆಗಳ ಗೊರಕೆ. ಮತ್ತೆ ಮೊಸಳೆ. ಈ ಸರೋವರದಲ್ಲಿ ನೈಲ್ ಮೊಸಳೆಗಳು ಸಾವಿರಗಟ್ಟಲೆ ಇವೆ. ನೈಲ್ ನದಿಯ ಮೊಸಳೆ, ನೈಲ್ ನದಿಯ ಮೀನು ಈ ಮುಚ್ಚಿದ ಕೆರೆಗೆ ಹೇಗೆ ಬಂದವು ಅಂದರೆ, ಹಿಂದೆ ಮಳೆ ಜಾಸ್ತಿ ಇದ್ದ ಕಾಲದಲ್ಲಿ ನೀರು ಈಗಿನದಕ್ಕಿಂತ ತುಂಬಾ ಮೇಲಿತ್ತು, ಆಗ ಇದಕ್ಕೂ ಕೋಡಿ ಇತ್ತು, ತುಂಬಿ ಹರಿದು ನೈಲ್ ಸೇರುತ್ತಿತ್ತು. ಕೋಡಿ ನಿಂತಿತು, ಮೊಸಳೆ ಉಳಿದವು.

ರಾತ್ರಿ ಕೂಬಿ ಫೋರಾದಲ್ಲಿ ಉಳಿದೆವು. ನೀರಿನೊಳಕ್ಕೆ ಚಾಚಿದ ಮರಳಿನ ನಾಲಗೆ ಅದು. ಗಬ್ರಾ ಭಾಷೆಯಲ್ಲಿ ಈ ಹೆಸರಿನ ಅರ್ಥ ಗುಗ್ಗುಳದ ಜಾತಿಯ ಗಿಡಗಳಿರುವ ಜಾಗ ಅಂತ. ಕೀನ್ಯಾದ ರಾಷ್ಟ್ರೀಯ ಮ್ಯೂಸಿಯಂನವರ ಕಲ್ಲಿನ ಗುಡಿಸಲುಗಳಿವೆ, ಕರೆಂಟಿಲ್ಲ, ಸಿಗ್ನಲ್ ಇಲ್ಲ. ಗಾಳಿ ಇದೆ. ಅಬ್ಬಾ, ಆ ಗಾಳಿ! ಇಥಿಯೋಪಿಯಾದ ಬೆಟ್ಟಗಳಿಗೂ ಕೀನ್ಯಾದ ಬೆಟ್ಟಗಳಿಗೂ ನಡುವೆ ಒಂದು ಓಣಿಯ ಹಾಗಿದೆ ಈ ಪ್ರದೇಶ, ಆ ಓಣಿಯಲ್ಲಿ ರಾತ್ರಿಯೆಲ್ಲ ನುಗ್ಗುತ್ತೆ. ಮಲಗಿದರೆ ಲಾರಿ ಪಕ್ಕದಲ್ಲೇ ನಿಂತು ಇಂಜಿನ್ ಓಡಿಸಿದ ಹಾಗೆ. ಊಟಕ್ಕೆ ಮ್ಝೀ ಉಗಾಲಿ ತೊಳಸಿದರು. ಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಮೆಕ್ಕೆಜೋಳದ್ದು. ನಾನು "ಇದರಲ್ಲಿ ವಿಂಬಿ ಹಾಕಿದ್ದರೆ ನಮ್ಮೂರಿನ ಊಟ" ಅಂದೆ. ವಿಂಬಿ ಅಂದರೆ ರಾಗಿ. ಅದು ನಮ್ಮ ಬೆಳೆ ಅಂತ ಎಷ್ಟೇ ಎದೆ ತಟ್ಟಿಕೊಂಡರೂ ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ಸೀಮೆಗಳಲ್ಲಿ, ಸಾವಿರಾರು ವರ್ಷದ ಹಿಂದೆ ಸಮುದ್ರ ದಾಟಿ ನಮಗೆ ಬಂತು. ಮ್ಝೀಗೆ ಇದು ತುಂಬಾ ಹಿಡಿಸಿತು. "ಹಂಗಾದರೆ ನೀವು ನಮ್ಮ ಸಾಲ ತೀರಿಸೋಕೆ ಬಂದಿದೀರಿ" ಅಂದರು.

ಈಗ ಮೂಳೆಯ ವಿಷಯ. ಇದನ್ನು ಹೇಳೋಕೆ ಅಂತಲೇ ಬರೆಯೋಕೆ ಕೂತಿದ್ದು.

1967ರಲ್ಲಿ ರಿಚರ್ಡ್ ಲೀಕಿ ಅನ್ನುವ ಕೀನ್ಯಾದ ಪಳೆಯುಳಿಕೆ ತಜ್ಞ ಸಣ್ಣ ವಿಮಾನದಲ್ಲಿ ಈ ದಡದ ಮೇಲೆ ಹಾರುತ್ತಿದ್ದ. ಆಗ ಅವನಿಗೆ ಇಪ್ಪತ್ತೆರಡು. ಓಮೋ ನದಿಯ ಹತ್ತಿರ ಅಗೆಯುತ್ತಿದ್ದ ತಂಡದಲ್ಲಿದ್ದವನು, ದಾರಿಯಲ್ಲಿ ಬಿರುಗಾಳಿ ಮಳೆ ಸಿಕ್ಕಿತು ಅಂತ ವಿಮಾನ ಈ ಕಡೆ ತಿರುಗಿಸಿದ್ದರು. ನಕ್ಷೆಯಲ್ಲಿ ಈ ಜಾಗಕ್ಕೆ ಜ್ವಾಲಾಮುಖಿಯ ಕಲ್ಲು ಅಂತ ಗುರುತಿತ್ತು. ಅಂದರೆ ಪಳೆಯುಳಿಕೆ ಹುಡುಕುವವರ ಭಾಷೆಯಲ್ಲಿ ಏನೂ ಇಲ್ಲ ಅಂತ. ಕಿಟಕಿಯಿಂದ ನೋಡಿದರೆ ಪದರ ಪದರವಾಗಿ ಮಣ್ಣು ಕಂಡಿತು. ಕೆರೆಯ ತಳದ ಹೂಳು. ಆಮೇಲೆ ಹೆಲಿಕಾಪ್ಟರಿನಲ್ಲಿ ಬಂದು ಇಳಿದು ನೋಡಿದರೆ ಕಾಲಡಿಯಲ್ಲೇ ಶಿಲಾಯುಧ, ಮೂಳೆ. 1968ರಿಂದ ಕೆಲಸ ಶುರುವಾಯಿತು. ಆಮೇಲೆ ಇಲ್ಲಿ ಸಿಕ್ಕಿದ್ದು ಮನುಷ್ಯನ ವಂಶದ ಕಥೆಯನ್ನೇ ತಿದ್ದಿ ಬರೆಸಿತು.

ಯಾಕೆ ಇಲ್ಲೇ ಇಷ್ಟು? ಕೆರೆ ಲಕ್ಷಾಂತರ ವರ್ಷ ಏರುತ್ತಾ ಇಳಿಯುತ್ತಾ ಇತ್ತು. ದಡದಲ್ಲಿ ಸತ್ತಿದ್ದನ್ನು ಹೂಳು ಮುಚ್ಚಿತು. ನಡುನಡುವೆ ಇಥಿಯೋಪಿಯಾದ ಕಡೆಯ ಜ್ವಾಲಾಮುಖಿಗಳ ಬೂದಿ ಬಂದು ಒಂದೊಂದು ಹಾಸು ಹಾಸಿತು. ಆ ಬೂದಿಯ ವಯಸ್ಸನ್ನು ಅಳೆಯಬಹುದು, ಮೂಳೆಯದನ್ನು ಹಾಗೆ ನೇರವಾಗಿ ಅಳೆಯೋಕಾಗಲ್ಲ. ಎರಡು ಬೂದಿ ಪದರದ ನಡುವೆ ಸಿಕ್ಕಿದರೆ ವಯಸ್ಸು ಆ ಎರಡರ ನಡುವೆ. ಕಡೆಗೆ ನೆಲ ಓರೆಯಾಗಿ ಎದ್ದಿತು, ವರ್ಷಕ್ಕೆ ಒಂದೆರಡು ಸಲ ಬಡಿಯುವ ಮಳೆ ಮಣ್ಣನ್ನು ಕೊರೆದು ಒಳಗಿದ್ದನ್ನು ಹೊರಗೆ ತಂದಿಟ್ಟಿತು. ಗಿಡಮರ ಇಲ್ಲದ್ದರಿಂದಲೇ ಕಾಣುತ್ತೆ. ಹಸಿರು ಇದ್ದಿದ್ದರೆ ಒಂದೂ ಕಣ್ಣಿಗೆ ಬೀಳುತ್ತಿರಲಿಲ್ಲ.

ವಯಸ್ಸಿನ ಲೆಕ್ಕದಲ್ಲಿ ದೊಡ್ಡ ಜಗಳವೇ ನಡೆದಿದೆ. 1969ರಲ್ಲಿ ಕೇ ಬೆಹ್ರೆನ್ಸ್‌ಮೇಯರ್ ಅನ್ನುವ ವಿದ್ಯಾರ್ಥಿನಿಗೆ ಒಂದು ಬೂದಿ ಪದರದ ಜಾಗದಲ್ಲಿ ಶಿಲಾಯುಧ ಸಿಕ್ಕವು. ಅವಳ ಹೆಸರಿನ ಅಕ್ಷರಗಳಿಂದಲೇ ಅದಕ್ಕೆ ಕೆಬಿಎಸ್ ಬೂದಿ ಅಂತ ಹೆಸರಾಯಿತು. ಲ್ಯಾಬಿನವರು ಅದಕ್ಕೆ 26 ಲಕ್ಷ ವರ್ಷ ಅಂದರು. 1972ರಲ್ಲಿ ಅದರ ಕೆಳಗಿನ ಮಣ್ಣಲ್ಲಿ ದೊಡ್ಡ ಮೆದುಳಿನ ಒಂದು ತಲೆಬುರುಡೆ ಸಿಕ್ಕಿತು, ನಂಬರು 1470. ಅಷ್ಟು ಹಳೆಯ ಕಾಲಕ್ಕೇ ಅಷ್ಟು ದೊಡ್ಡ ತಲೆಯಾ ಅಂತ ಎಲ್ಲರೂ ಬೆರಗಾದರು. ಆದರೆ ಹಂದಿಗಳು ಒಪ್ಪಲಿಲ್ಲ. ಹೌದು, ಹಂದಿ. ಆ ಕಾಲದ ಕಾಡುಹಂದಿಗಳ ದವಡೆ ಹಲ್ಲು ಕಾಲ ಕಳೆದಂತೆ ಬದಲಾಗುತ್ತಾ ಬಂದಿದೆ, ಹಲ್ಲು ನೋಡಿ ಕಾಲ ಹೇಳಬಹುದು. ಇಲ್ಲಿ ಸಿಕ್ಕ ಹಂದಿಗಳು ಓಮೋದಲ್ಲಿ ಸುಮಾರು 20 ಲಕ್ಷ ವರ್ಷದ ಪದರದಲ್ಲಿ ಸಿಕ್ಕ ಹಂದಿಗಳ ಹಾಗೇ ಇದ್ದವು. ವರ್ಷಗಟ್ಟಲೆ ವಾದ ನಡೆಯಿತು, ಮತ್ತೆ ಅಳೆದರು, ಕಡೆಗೆ ಬೂದಿಯ ವಯಸ್ಸು ಸುಮಾರು 19 ಲಕ್ಷ ಅಂತ ತೀರ್ಮಾನವಾಯಿತು. ಮಷೀನು ಸೋತು ಹಂದಿ ಗೆದ್ದ ಕಥೆ ಇದು. ನನಗೆ ಬಹಳ ಇಷ್ಟ.

ಆ 1470ನ್ನು ಮೊದಲು ಕಂಡಿದ್ದು ಲೀಕಿಯ ತಂಡದಲ್ಲಿ ಮೂಳೆ ಹುಡುಕುತ್ತಿದ್ದ ಬರ್ನಾರ್ಡ್ ಎನ್ಗೆನೆಯೋ. ಮಳೆನೀರು ಕೊರೆದ ಕೊರಕಲಿನ ಪಕ್ಕ ಸಣ್ಣ ಸಣ್ಣ ಚೂರು ಬಿದ್ದಿದ್ದವು. ಮಣ್ಣು ಜರಡಿ ಹಿಡಿದು ನೂರಕ್ಕೂ ಹೆಚ್ಚು ತುಂಡು ಕಲೆಹಾಕಿ, ವಾರಗಟ್ಟಲೆ ಕೂತು ಜೋಡಿಸಿದರು. 1975ರಲ್ಲಿ 3733 ಅನ್ನುವ ಇನ್ನೊಂದು ಹೆಸರಾಂತ ಬುರುಡೆ ಕಂಡವನೂ ಅವನೇ. ಈ ಹುಡುಕುವವರ ತಂಡಕ್ಕೆ ಮುಖ್ಯಸ್ಥ ಕಮೋಯಾ ಕಿಮೇಯು. ಲೀಕಿ ಕುಟುಂಬದ ಹತ್ತಿರ ಕೂಲಿಗೆ ಅಂತ ಸೇರಿದವರು. 1984ರಲ್ಲಿ ಕೆರೆಯ ಆಚೆಯ ಪಶ್ಚಿಮ ದಡದಲ್ಲಿ, ಕೆಲಸಕ್ಕೆ ರಜೆ ಇದ್ದ ದಿನ, ಸುಮ್ನೆ ಒಣಹಳ್ಳದ ಕಡೆ ಅಡ್ಡಾಡಲು ಹೋದರು. ಕಪ್ಪು ಕಲ್ಲುಹರಳುಗಳ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಪ್ಪು ಚೂರು ಕಂಡಿತು. ಹಣೆಯ ಮೂಳೆ. ಅದರ ಹಿಂದೆಯೇ ಹೆಚ್ಚೂ ಕಡಿಮೆ ಇಡೀ ಅಸ್ಥಿಪಂಜರ ಸಿಕ್ಕಿತು, 15 ಲಕ್ಷ ವರ್ಷಕ್ಕೂ ಹಿಂದಿನ ಒಬ್ಬ ಹುಡುಗನದು. ತುರ್ಕಾನಾ ಬಾಯ್ ಅಂತ ಶಾಲೆಯ ಪುಸ್ತಕಗಳಲ್ಲಿ ಬರುವವನು ಇವನೇ. ಮರುವರ್ಷ ಅಮೆರಿಕದ ಅಧ್ಯಕ್ಷ ರೇಗನ್ ಕೈಯಿಂದ ಕಿಮೇಯು ಪದಕ ಪಡೆದರು. 2022ರಲ್ಲಿ ತೀರಿಕೊಂಡರು. ಅದೇ ವರ್ಷ ಜನವರಿಯಲ್ಲಿ ರಿಚರ್ಡ್ ಲೀಕಿ ಕೂಡ ಹೋದರು. ನಾನು ಸ್ಕೂಲಲ್ಲಿ ಲೀಕಿ ಹೆಸರು ಕೇಳಿದ್ದೆ. ಇನ್ನಿಬ್ಬರ ಹೆಸರು ಕೇಳೋಕೆ ನಲವತ್ತು ದಾಟಿ ಇಲ್ಲಿ ತನಕ ಬರಬೇಕಾಯಿತು.

ರೇಂಜರ್ ಬೆಳಿಗ್ಗೆ ಆರಕ್ಕೇ ಹೊರಡಿಸಿದ. ಒಂಬತ್ತಾದ ಮೇಲೆ ನಿಲ್ಲೋಕಾಗಲ್ಲ, ಅಷ್ಟು ಬಿಸಿಲು. ಮೊದಲು ಸಣ್ಣ ಕಟ್ಟಡಗಳ ಒಳಗೆ, ಸಿಕ್ಕ ಜಾಗದಲ್ಲೇ ಬಿಟ್ಟಿರುವ ಪಳೆಯುಳಿಕೆ ತೋರಿಸಿದ. ಅಳಿದುಹೋದ ಜಾತಿಯ ಆನೆ. ಒಬ್ಬ ಮನುಷ್ಯ ಕೂತು ಸವಾರಿ ಮಾಡಬಹುದಾದಷ್ಟು ದೊಡ್ಡ ಆಮೆ. ಘರಿಯಲ್ ತರ ಉದ್ದ ಸಪೂರ ಮೂತಿಯ ಮೊಸಳೆ. ಆನೆ ಈಗ ಪಾರ್ಕಿನಲ್ಲಿ ಇರೋದು ಕಲ್ಲಾಗಿ ಮಾತ್ರ ಅಂತ ಅವನು ಹೇಳಿದ. ಇನ್ನೊಂದು ಕಡೆ ಕಲ್ಲಾದ ಮರದ ದಿಮ್ಮಿಗಳಿವೆ, ದೇವದಾರು ಜಾತಿಯವು, ಸುಮಾರು 70 ಲಕ್ಷ ವರ್ಷ ಅಂತ ಪಾರ್ಕಿನವರ ಲೆಕ್ಕ. ತೊಗಟೆಯ ಗೆರೆ ಹಾಗೇ ಇದೆ, ಬಡಿದರೆ ಟಣ್ ಅನ್ನುತ್ತೆ.

ಆಮೇಲೆ ಬಯಲಿಗೆ ಕರೆದುಕೊಂಡು ಹೋಗಿ, ಇಲ್ಲಿ ನೋಡಿ ಅಂದ. ನೋಡಿದೆವು. ಕಲ್ಲು. ಕೆಂಪು, ಕಂದು, ಕಪ್ಪು, ಬೆಳ್ಳಗೆ, ಕಣ್ಣು ಹೋದಷ್ಟು ದೂರ ಕಲ್ಲುಹರಳು. ಮಂಗಳೂರಿನ ಹುಡುಗ ಹತ್ತು ನಿಮಿಷ ಅತ್ತಿಂದಿತ್ತ ಓಡಾಡಿ "ಏನಿಲ್ಲ ಮಾರಾಯ್ರೆ" ಅಂದ. ರೇಂಜರ್ ನಕ್ಕು, ಕೋಲಿನಿಂದ ನೆಲದ ಮೇಲೆ ಒಂದು ಗೆರೆ ಎಳೆದ. ಇಷ್ಟಗಲ. ಓಡಾಡಬೇಡಿ, ಇಲ್ಲಿ ಕುಕ್ಕರಗಾಲಲ್ಲಿ ಕೂತು ಇದನ್ನು ಮಾತ್ರ ನೋಡಿ ಅಂದ.

ಆ ಗೆರೆಯ ಒಳಗಿನ ನೆಲ ಸರಿಯಾಗಿ ಒಂದು ಮೊರದಗಲ ಇತ್ತು.

ನಮ್ಮ ಅಜ್ಜಿ ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸೋಳು. ನಮ್ಮ ಮನೆಯಲ್ಲಿ ಅಕ್ಕಿ ದಿನದ ಊಟ ಅಲ್ಲ, ಹಬ್ಬಕ್ಕೆ, ನೆಂಟರಿಗೆ, ಅದೂ ಸೊಸೈಟಿ ಅಕ್ಕಿ, ಅದರಲ್ಲಿ ಅಕ್ಕಿಯಷ್ಟೇ ಬಿಳಿಯ ಕಲ್ಲು. ನಾನು ಪಕ್ಕದಲ್ಲಿ ಕೂತು ಕೈ ಹಾಕಿದರೆ ಪಟ್ ಅಂತ ಕೈ ಮೇಲೆ ಹೊಡೆಯೋಳು. "ಮೊದ್ಲು ಕಣ್ಣು ಕೂತ್ಕಳ್ಲಿ ಸುಮ್ನಿರು, ಆಮೇಲೆ ಕೈ." ಕಣ್ಣು ಕೂರೋದು ಅಂದರೆ ಏನು ಅಂತ ನನಗೆ ಆಗ ತಿಳಿಯುತ್ತಿರಲಿಲ್ಲ. ಒಂದೆರಡು ನಿಮಿಷ ಸುಮ್ಮನೆ ನೋಡುತ್ತಾ ಕೂತರೆ ಇದ್ದಕ್ಕಿದ್ದ ಹಾಗೆ ಕಲ್ಲುಗಳೇ ಎದ್ದು ಕಾಣೋಕೆ ಶುರುವಾಗುತ್ತವೆ, ಅಕ್ಕಿ ಹಿಂದೆ ಸರಿಯುತ್ತೆ.

ಇಲ್ಲಿ ಅದು ಉಲ್ಟಾ. ಕಲ್ಲಿನ ಮೊರದಲ್ಲಿ ಮೂಳೆ ಆರಿಸಬೇಕು.

ನಮ್ಮ ಮೂವರಲ್ಲಿ ಮೊದಲು ಕಂಡಿದ್ದು ಹೆಂಡತಿಗೆ. ಅವಳು ಈಗಲೂ ಬೇಳೆ ಆರಿಸದೆ ಕುಕ್ಕರಿಗೆ ಹಾಕಲ್ಲ, ಪ್ಯಾಕೆಟ್ಟಿನ ಬೇಳೆಯಾದರೂ. "ರೀ, ಅದು ನೋಡಿ, ಅದರ ಹೊಳಪು ಬೇರೆ ಇದೆ" ಅಂದಳು. ಉಗುರಿನಷ್ಟು ಕಪ್ಪು ಚೂರು, ಮೇಲೆ ಸಣ್ಣ ಸಣ್ಣ ಗುಳಿಗಳು. ರೇಂಜರ್ ಬಗ್ಗಿ ನೋಡಿ ಬೆನ್ನು ತಟ್ಟುವ ಹಾಗೆ ತಲೆಯಾಡಿಸಿದ. ಮೀನಿನ ತಲೆಯ ಮೂಳೆ. ಆಮೇಲೆ ಅವಳಿಗೆ ಇನ್ನೆರಡು ಕಂಡವು. ಒಂದು ಆಮೆಯ ಚಿಪ್ಪಿನ ತುಂಡು, ಇನ್ನೊಂದು ನೀರಾನೆಯ ಹಲ್ಲಿನ ಚೂರು. ನನಗೆ ಅರ್ಧ ಗಂಟೆಯಾದ ಮೇಲೆ ಒಂದು ಕಂಡಿತು, ಕೂಗಿ ಕರೆದೆ. ಅದು ಬರೀ ಕಲ್ಲು. ಅನುಮಾನ ಬಂದರೆ ನಾಲಗೆಗೆ ತಾಗಿಸಿ ನೋಡುವುದೂ ಉಂಟಂತೆ, ಹಳೆಯ ಮೂಳೆಯಲ್ಲಿ ಸಣ್ಣ ತೂತುಗಳಿರುವುದರಿಂದ ನಾಲಗೆಗೆ ಅಂಟಿಕೊಳ್ಳುತ್ತೆ. ನನ್ನ ಕಲ್ಲು ಅಂಟಲಿಲ್ಲ.

ಮೀನು, ಆಮೆ, ಮೊಸಳೆ. ಸುಮಾರು 19.5 ಲಕ್ಷ ವರ್ಷದ ಹಿಂದೆ ಇದೇ ಸೀಮೆಯಲ್ಲಿ ನಮ್ಮ ಪೂರ್ವಜರು ಇದನ್ನೇ ತಿಂದಿದ್ದಾರೆ, ಮೂಳೆಗಳ ಮೇಲೆ ಕಲ್ಲಿನಿಂದ ಕೊಯ್ದ ಗುರುತುಗಳಿವೆ. 2021ರಲ್ಲಿ ಕೂಬಿ ಫೋರಾದ ಹತ್ತಿರವೇ 15 ಲಕ್ಷ ವರ್ಷ ಹಳೆಯ ಹೆಜ್ಜೆ ಗುರುತು ಸಿಕ್ಕವು. ಎರಡು ಬೇರೆ ಬೇರೆ ಜಾತಿಯ ಮಾನವರು ಒಂದೇ ಕೆಸರಿನಲ್ಲಿ, ಗಂಟೆಗಳ ಅಥವಾ ಕೆಲವೇ ದಿನಗಳ ಅಂತರದಲ್ಲಿ ನಡೆದು ಹೋಗಿದ್ದಾರೆ ಅಂತ 2024ರಲ್ಲಿ ವಿಜ್ಞಾನಿಗಳು ಬರೆದರು. ಒಬ್ಬರು ನಮ್ಮ ಕಡೆಯವರು, ಇನ್ನೊಬ್ಬರು ದೊಡ್ಡ ದವಡೆಯ, ಮುಂದೆ ವಂಶ ಉಳಿಯದ ಜಾತಿ. ಒಬ್ಬರನ್ನೊಬ್ಬರು ನೋಡಿದರೋ ಏನೋ. ನಮ್ಮ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರು ಅಗೆದು ತೆಗೆದ ಕೈಕೊಡಲಿಗಳಿಗೆ ಸುಮಾರು 12 ಲಕ್ಷ ವರ್ಷ ಅಂತ ಲೆಕ್ಕ ಕಟ್ಟಿದ್ದಾರೆ. ಅದೇ ತರದ ಕೈಕೊಡಲಿಗಳು ಅದಕ್ಕಿಂತ ಹಳೆಯವು ಈ ಕೆರೆಯ ಸುತ್ತ ಸಿಕ್ಕಿವೆ. ಇಸಾಂಪುರಕ್ಕೆ ನಾನು ಇನ್ನೂ ಹೋಗಿಲ್ಲ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ.

ಸಿಕ್ಕಿದ್ದನ್ನು ಇದ್ದ ಜಾಗದಲ್ಲೇ, ಇದ್ದ ಹಾಗೇ, ಅದೇ ಮಗ್ಗುಲಿಗೆ ಇಡಬೇಕು. ಹೆಂಡತಿ ನೀರಾನೆಯ ಹಲ್ಲು ಇಟ್ಟ ಮೇಲೆ ರೇಂಜರ್ ಬಗ್ಗಿ ಅದನ್ನು ಇನ್ನೊಂದು ಸ್ವಲ್ಪ ತಿರುಗಿಸಿದ. ಅವಳು ಇಟ್ಟಿದ್ದು ಓರೆಯಾಗಿತ್ತಂತೆ.

ವಾಪಸ್ ಬರುವಾಗ ದಕ್ಷಿಣಕ್ಕೆ ಲೋಯಾಂಗಲಾನಿ ಮೇಲೆ ಬಂದೆವು. ಓಮೋ ನದಿಗೆ ಇಥಿಯೋಪಿಯಾ 243 ಮೀಟರ್ ಎತ್ತರದ ಗಿಬೆ-3 ಅಣೆಕಟ್ಟು ಕಟ್ಟಿದೆ, 2016ರಲ್ಲಿ ಉದ್ಘಾಟನೆ ಆಯಿತು. ಕೆರೆ ಬತ್ತುತ್ತೆ ಅನ್ನುವ ಭಯಕ್ಕೆ 2018ರಲ್ಲಿ ಯುನೆಸ್ಕೋ ಇದನ್ನು ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿತು. ಅದಾದ ಮೇಲೆ ಮಳೆ ಜೋರಾಗಿ ಬಂದು ನೀರು ಏರಿತು, ದಡದ ಮನೆಗಳು ಮುಳುಗಿದವು. ಬತ್ತುತ್ತೆ ಅಂದವರೂ ಸರಿ, ಮುಳುಗಿದೆವು ಅನ್ನುವವರೂ ಸರಿ. ಮೇಲಿನ ಬಾಗಿಲ ಕೀಲಿ ಬೇರೆ ದೇಶದ ಕೈಯಲ್ಲಿದ್ದರೆ ಕೆಳಗಿನವರ ಪಾಡು ಏನು ಅಂತ ಕನ್ನಡದವರಿಗೆ ತಮಿಳುನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆ ಮಾತು ಇಲ್ಲಿಗೇ ಬಿಡ್ತೀನಿ.

ಲೋಯಾಂಗಲಾನಿ ದಾಟಿದ ಮೇಲೆ ಗಾಳಿ ಗಿರಣಿಗಳು. 365 ಗಿರಣಿ, ವರ್ಷದ ದಿನಗಳಷ್ಟು, 310 ಮೆಗಾವಾಟ್. ರಾತ್ರಿಯೆಲ್ಲ ನಮ್ಮನ್ನು ಮಲಗಲು ಬಿಡದ ಅದೇ ಗಾಳಿ. ಇಲ್ಲಿ ಮಂದೆ ಮೇಯಿಸುತ್ತಿದ್ದವರು ನೆಲದ ಹಕ್ಕಿಗಾಗಿ ಕೋರ್ಟಿಗೆ ಹೋಗಿದ್ದಾರೆ. ನಾನು ಗಾಡಿ ನಿಲ್ಲಿಸಲು ಹೇಳಿ ಸ್ವಲ್ಪ ಹೊತ್ತು ನಿಂತೆ. ನಮ್ಮ ತಾಲ್ಲೂಕಿನ ತಿರುಮಣಿ, ವಳ್ಳೂರು ಕಡೆ ಈಗ 13,000 ಎಕರೆ ಸೋಲಾರ್ ಹಲಗೆ. 2,050 ಮೆಗಾವಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಗುತ್ತಿಗೆ ಶುರುವಾಯಿತು. ಜಮೀನಿದ್ದವರಿಗೆ ದುಡ್ಡು ಬಂತು, ಬಂದಿದ್ದು ಒಳ್ಳೆಯದೇ, ನಮ್ಮ ನೆಂಟರಲ್ಲೇ ಕೆಲವರು ಸಾಲ ತೀರಿಸಿದರು. ಜಮೀನಿಲ್ಲದೆ ಕುರಿ ಮೇಯಿಸುತ್ತಿದ್ದವರು ಎಲ್ಲಿ ಮೇಯಿಸುತ್ತಾರೆ ಅಂತ ಕೇಳಿದರೆ ಯಾರೂ ಸರಿಯಾಗಿ ಉತ್ತರ ಹೇಳಲ್ಲ. ಎರಡೂ ಕಡೆ ಕಾಗದದಲ್ಲಿ ಬರೆದಿರೋದು ಒಂದೇ ಇರಬೇಕು, ಖಾಲಿ ಜಾಗ ಅಂತ.

ಬಾರಗೋಯಿ ಹತ್ತಿರ ಎರಡನೇ ಪಂಕ್ಚರ್. ಬೋಳು ಸ್ಟೆಪ್ನಿಯ ಮೇಲೆಯೇ ಮರಲಾಲ್ ತನಕ ಉರುಳಿಕೊಂಡು ಬಂದೆವು, ಗಂಟೆಗೆ ಇಪ್ಪತ್ತು ಕಿಲೋಮೀಟರ್. ಮ್ಝೀ ಸ್ಟೀರಿಂಗ್ ಹಿಡಿದು ಯಾವುದೋ ದೇವರ ಹಾಡು ಹೇಳುತ್ತಿದ್ದರು.

ಮರಲಾಲ್‌ನಲ್ಲಿ ಸಿಗ್ನಲ್ ಬಂತು. ಅಮ್ಮನಿಗೆ ಫೋನ್ ಮಾಡಿದೆ. ನಾಲ್ಕು ದಿನ ಫೋನ್ ಹತ್ತಲಿಲ್ಲ ಅಂತ ಒಂದು ಸುತ್ತು ಬೈದಳು. ನಾನು ಕೆರೆಯ ವಿಷಯ, ಮೊಸಳೆ, ಮೂಳೆ, ಹತ್ತೊಂಬತ್ತು ಲಕ್ಷ ವರ್ಷ, ಎಲ್ಲ ಒಂದೇ ಉಸಿರಲ್ಲಿ ಹೇಳಿದೆ. ಅವಳು ಹೂಂ ಹೂಂ ಅಂತ ಕೇಳಿಸಿಕೊಂಡಳು. ಸೊಸೆಗೆ ಅಜ್ಜಿಯ ತರ ಕಣ್ಣು ಕೂತಿತ್ತು ಅಂದಾಗ ಸಣ್ಣಗೆ ನಕ್ಕಳು.

ಆಮೇಲೆ ಕೇಳಿದಳು, "ಅಲ್ಲಿ ಮಳೆ ಹೆಂಗೋ?"

"ಇಲ್ಲಮ್ಮ. ಎರಡು ವರ್ಷದಿಂದ ಸರಿಯಾಗಿ ಆಗಿಲ್ಲವಂತೆ."

"ಇಲ್ಲೂ ಇಲ್ಲ" ಅಂದಳು. "ಮೊನ್ನೆ ಮೋಡ ಆಗಿತ್ತು. ಗಾಳಿ ಹೊಡ್ಕಂಡು ಹೋಯ್ತು."